ಎಚ್4 ಹೆಡ್‌ಲೈಟ್‌ಗೆ ಎಲ್ಇಡಿ: ಗೋಡೆಯ ಮೇಲೆ ಪಾಸಾದ ಮೇಲೆ ರಸ್ತೆಗೆ

ಹ್ಯಾಲೊಜೆನ್ ಬಲ್ಬ್ ತೆಗೆದು ಎಲ್ಇಡಿ ಹಾಕಲು ಹತ್ತು ನಿಮಿಷ ಸಾಕು. ಹಾಕಿದ ಬಲ್ಬ್ ಎದುರಿನವರ ಕಣ್ಣಿಗೆ ಹೊಡೆಯದೆ ರಸ್ತೆಗೆ ಬೆಳಕು ಕೊಡುತ್ತಿದೆಯೇ ಎಂದು ನೋಡಿ ತೀರ್ಮಾನಿಸಲು ಅರ್ಧ ದಿನ ಬೇಕು. ಇಲ್ಲಿ ಬರೆದಿರುವುದು ಹೆಚ್ಚಾಗಿ ಆ ಅರ್ಧ ದಿನದ ಕೆಲಸ.

ಉದಾಹರಣೆಗೆ ತೆಗೆದುಕೊಂಡಿರುವುದು ಒಂದೇ ಬಲ್ಬಿನಲ್ಲಿ ಲೋ ಮತ್ತು ಹೈ ಎರಡೂ ಇರುವ ಎಚ್4, ಅದೂ ಪ್ರೊಜೆಕ್ಟರ್ (ಮುಂದೆ ಗುಂಡು ಮಸೂರವಿರುವ ಬಗೆ) ಇಲ್ಲದ ಬರೀ ರಿಫ್ಲೆಕ್ಟರ್ ಹೆಡ್‌ಲೈಟ್, ಅಂದರೆ ಬಲ್ಬಿನ ಹಿಂದಿನ ಹೊಳೆಯುವ ಕನ್ನಡಿಯೇ ಬೆಳಕನ್ನು ರಸ್ತೆಗೆ ಎಸೆಯುವಂಥದ್ದು. ಎಲ್ಇಡಿ ಸರಿಯಾಗಿ ಕೂರುವುದು ಅತಿ ಕಷ್ಟವಾಗುವುದು ಇದರಲ್ಲೇ. ಎಚ್7 ಅಥವಾ ಎಚ್11 ಬಲ್ಬ್ ಇರುವ ಪ್ರೊಜೆಕ್ಟರ್ ಲೈಟಿನಲ್ಲಿ ಕಟ್‌ಆಫ್ ಗೆರೆಯನ್ನು (ಲೋ ಬೀಮಿನ ಬೆಳಕು ಮೇಲ್ಗಡೆ ನಿಂತು ಕತ್ತಲು ಶುರುವಾಗುವ ಅಂಚು) ಒಳಗಿನ ಲೋಹದ ತಗಡೇ ಕತ್ತರಿಸುವುದರಿಂದ ತಪ್ಪಿಗೆ ಸ್ವಲ್ಪ ಕ್ಷಮೆ ಇದೆ. ರಿಫ್ಲೆಕ್ಟರ್‌ನಲ್ಲಿ ಅದಿಲ್ಲ.

ಬಲ್ಬ್ ಕೊಳ್ಳುವ ಮೊದಲು ಮೂರು ತಪಾಸಣೆ

"ಬೆಳಕು ಸಾಲುತ್ತಿಲ್ಲ" ಎನ್ನುವ ಗಾಡಿಗಳಲ್ಲಿ ಎಷ್ಟೋ ಸಲ ಬಲ್ಬಿನ ತಪ್ಪೇ ಇರುವುದಿಲ್ಲ. ಎಂಜಿನ್ ಚಾಲೂ ಮಾಡಿ, ಲೋ ಬೀಮ್ ಹಾಕಿ, ಮೊದಲು ಬ್ಯಾಟರಿಯ ಎರಡು ತುದಿಗಳ ನಡುವೆ ವೋಲ್ಟೇಜ್ ಅಳೆಯಿರಿ. ಆಮೇಲೆ ಬಲ್ಬಿನ ಪ್ಲಗ್ಗಿನ ಹಿಂಬದಿಯಿಂದ ಮಲ್ಟಿಮೀಟರ್‌ನ ಸೂಜಿ ತೂರಿಸಿ ಬಲ್ಬಿಗೆ ನಿಜವಾಗಿ ಸಿಗುತ್ತಿರುವುದನ್ನು ಅಳೆಯಿರಿ. ಬಲ್ಬ್ ಉರಿಯುತ್ತಿರುವಾಗಲೇ ಅಳೆಯಬೇಕು. ಪ್ಲಗ್ ಬಿಚ್ಚಿ ಅಳೆದರೆ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ವೈರಿಂಗ್‌ನ ದೋಷವೂ ಕಾಣುವುದಿಲ್ಲ.

ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಏರಿಳಿಯುತ್ತದೆ. ವೋಲ್ಟೇಜ್ ನೂರಕ್ಕೆ ಹತ್ತು ಕುಸಿದರೆ ಬೆಳಕು ನೂರಕ್ಕೆ ಮೂವತ್ತು ಹೋಯಿತೆಂದೇ ಲೆಕ್ಕ. ಬ್ಯಾಟರಿಯಲ್ಲಿ 13.8 ಇದ್ದು ಬಲ್ಬಿನಲ್ಲಿ 12.4 ಸಿಗುತ್ತಿದ್ದರೆ ಇದೇ ಸ್ಥಿತಿ. ಕಾರಣ ಸಾಮಾನ್ಯವಾಗಿ ತುಕ್ಕು ಹಿಡಿದ ಅರ್ತ್ ಬೋಲ್ಟ್, ಸುಟ್ಟು ಕಂದಾದ ಪ್ಲಗ್, ಸವೆದ ಸ್ವಿಚ್ ಇಲ್ಲವೇ ತೆಳು ವೈರು. ಅರ್ತ್ ತುದಿ ಉಜ್ಜಿ ಬಿಗಿ ಮಾಡಿ, ಪ್ಲಗ್ ಬದಲಿಸಿ, ಬೇಕಿದ್ದರೆ ಬ್ಯಾಟರಿಯಿಂದ ನೇರವಾಗಿ ಫ್ಯೂಸ್ ಸಹಿತ ರಿಲೇ ಹಾರ್ನೆಸ್ (ಸ್ವಿಚ್ಚಿನ ಮೂಲಕ ಹೋಗದೆ ಲೈಟಿಗೆ ನೇರ ಕರೆಂಟ್ ಕೊಡುವ ವೈರಿನ ಜೋಡಣೆ) ಎಳೆಯಿರಿ. ಇಷ್ಟರಿಂದಲೇ ಹಳೆಯ ಹ್ಯಾಲೊಜೆನ್ ಮರುಜೀವ ಪಡೆದರೆ ಎಲ್ಇಡಿ ಯೋಚನೆಯನ್ನು ಬಿಟ್ಟುಬಿಡಬಹುದು.

ಎರಡನೆಯದು ಲೆನ್ಸ್, ಅಂದರೆ ಹೆಡ್‌ಲೈಟಿನ ಮುಂದಿನ ಪ್ಲಾಸ್ಟಿಕ್ ಹೊದಿಕೆ. ಹಳದಿಗಟ್ಟಿದ ಪಾಲಿಕಾರ್ಬೊನೇಟ್ ಬೆಳಕನ್ನು ನುಂಗುವುದರ ಜೊತೆಗೆ ಎಲ್ಲೆಡೆ ಚದುರಿಸುತ್ತದೆ. ಚದುರಿದ್ದರಲ್ಲಿ ಒಂದಷ್ಟು ಗೆರೆಯ ಮೇಲಕ್ಕೂ ಹೋಗುತ್ತದೆ. ಇಂಥ ಲೆನ್ಸಿನ ಹಿಂದೆ ಹೆಚ್ಚು ಬೆಳಕಿನ ಬಲ್ಬ್ ಇಟ್ಟರೆ ಎದುರಿನವರಿಗೆ ಕಾಟ ಹೆಚ್ಚುತ್ತದೆ, ಅಷ್ಟೆ. 800, 1500, 2000, 3000 ಈ ಕ್ರಮದಲ್ಲಿ ವಾಟರ್ ಪೇಪರನ್ನು ನೀರು ಹಾಕಿಕೊಂಡು ಉಜ್ಜಿ. ಪ್ರತಿ ಹಂತದಲ್ಲಿ ಉಜ್ಜುವ ದಿಕ್ಕು ಬದಲಿಸಿದರೆ ಹಿಂದಿನ ಗೀರು ಮಾಯವಾದದ್ದು ಕಣ್ಣಿಗೇ ಗೊತ್ತಾಗುತ್ತದೆ. ಆಮೇಲೆ ಪಾಲಿಶ್, ಕೊನೆಗೆ ಯುವಿ ತಡೆಯುವ ಕ್ಲಿಯರ್ ಕೋಟ್. ಆ ಕೋಟ್ ಹಾಕದೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಒಳಗೆ ರಿಫ್ಲೆಕ್ಟರಿನ ಹೊಳಪೇ ಸುಲಿದು ಬೂದಿಯಾಗಿದ್ದರೆ ಉಜ್ಜಿ ಫಲವಿಲ್ಲ, ಬಟ್ಟೆ ತಾಗಿಸಿದರೂ ಉಳಿದ ಲೇಪ ಕಿತ್ತುಬರುತ್ತದೆ. ಹೆಡ್‌ಲೈಟನ್ನೇ ಬದಲಿಸಬೇಕು.

ಮೂರನೆಯದು ಲೈಟಿನ ಏಮ್, ಅಂದರೆ ಬೆಳಕು ಎತ್ತ ಎಷ್ಟು ಎತ್ತರಕ್ಕೆ ಗುರಿಯಿಟ್ಟಿದೆ ಎಂಬುದು. ಅದು ಹೇಗೆಂದು ಮುಂದೆ ಬರುತ್ತದೆ.

ನಿಯಮದ ಮಾತು, ಚಿಕ್ಕದಾಗಿ

ಹೆಡ್‌ಲೈಟಿಗೆ ಮಂಜೂರಾತಿ ಸಿಗುವುದು ಬಲ್ಬಿನ ಜಾತಿಯೊಂದಿಗೆ ಸೇರಿಸಿ. ಲೆನ್ಸಿನ ಮೇಲೆ ವೃತ್ತದೊಳಗಿನ ಇ ಗುರುತಿನ ಪಕ್ಕ ಎಚ್‌ಸಿ, ಎಚ್‌ಆರ್, ಎಚ್‌ಸಿಆರ್ ಎಂಬ ಅಕ್ಷರಗಳಿರುತ್ತವೆ. ಎಚ್ ಎಂದರೆ ಹ್ಯಾಲೊಜೆನ್, ಸಿ ಲೋ ಬೀಮ್, ಆರ್ ಹೈ ಬೀಮ್. ಅಲ್ಲಿ ಎಚ್ ಇದ್ದರೆ ಆ ಲೈಟನ್ನು ಪರೀಕ್ಷಿಸಿರುವುದು ಹ್ಯಾಲೊಜೆನ್ ಹಾಕಿಯೇ. ಹಾಗಾಗಿ ಬಹಳಷ್ಟು ದೇಶಗಳಲ್ಲಿ ಅದರೊಳಗೆ ಎಲ್ಇಡಿ ಬಲ್ಬ್ ಹಾಕಿ ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ. ಜರ್ಮನಿಯಲ್ಲಿ 2020ರಿಂದ ಕೆಲವು ನಿರ್ದಿಷ್ಟ ಎಲ್ಇಡಿ ಬಲ್ಬ್‌ಗಳಿಗೆ ಅನುಮತಿ ಇದೆ, ಆದರೆ ತಯಾರಕರ ಪಟ್ಟಿಯಲ್ಲಿರುವ ಗಾಡಿ ಮತ್ತು ಆ ಹೆಡ್‌ಲೈಟಿಗೆ ಮಾತ್ರ. ಬಲ್ಬ್ ಒಂದೇ ಆದರೂ ಒಂದು ಗಾಡಿಯಲ್ಲಿ ಪಾಸ್, ಇನ್ನೊಂದರಲ್ಲಿ ಫೇಲ್ ಎಂಬುದನ್ನು ಆ ಪಟ್ಟಿಯೇ ಒಪ್ಪಿಕೊಂಡಂತಾಯಿತು. ನಿಮ್ಮಲ್ಲಿನ ನಿಯಮ, ವಾಹನ ತಪಾಸಣೆ, ವಿಮೆಯ ಷರತ್ತು ಇವನ್ನು ಹಣ ಖರ್ಚು ಮಾಡುವ ಮೊದಲೇ ವಿಚಾರಿಸಿ. ನಿಯಮ ಅನುಮತಿಸದಿದ್ದರೆ, ಗಾಡಿಗೆ ಮಂಜೂರಾದ ಪೂರ್ತಿ ಎಲ್ಇಡಿ ಹೆಡ್‌ಲೈಟ್ ಸಿಗುತ್ತದೆಯೇ ನೋಡುವುದು ಅಥವಾ ಒಳ್ಳೆಯ ಹ್ಯಾಲೊಜೆನ್ ಜೋಡಿ ಹಾಕುವುದು, ಎರಡೇ ದಾರಿ.

ಫಿಲಮೆಂಟ್ ಇದ್ದಲ್ಲೇ ಚಿಪ್ ಇರಬೇಕು

ಎಚ್4 ಬಲ್ಬಿನಲ್ಲಿ ಎರಡು ಫಿಲಮೆಂಟ್. ಹೈ ಬೀಮಿನದು ರಿಫ್ಲೆಕ್ಟರಿನ ಫೋಕಸ್‌ನಲ್ಲಿ ಕೂರುತ್ತದೆ. ಲೋ ಬೀಮಿನದು ಅದಕ್ಕಿಂತ ಸ್ವಲ್ಪ ಮುಂದೆ, ಕೆಳಗೊಂದು ಲೋಹದ ಬಟ್ಟಲಿನೊಂದಿಗೆ. ಬಟ್ಟಲು ಕೆಳಮುಖ ಬೆಳಕನ್ನು ತಡೆಯುತ್ತದೆ. ಹಾಗಾಗಿ ಲೋ ಹಾಕಿದಾಗ ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕೆ ಮಾತ್ರ ಬೆಳಕು ಬಿದ್ದು, ಅಲ್ಲಿಂದ ಕೆಳಕ್ಕೆ ಪುಟಿದು ರಸ್ತೆ ಸೇರುತ್ತದೆ. ಬಟ್ಟಲಿನ ಒಂದು ಅಂಚು 15 ಡಿಗ್ರಿ ಇಳಿಜಾರಾಗಿದೆ. ಗೋಡೆಯ ಮೇಲೆ ಕಾಣುವ, ರಸ್ತೆಯಂಚಿನ ಕಡೆಗೆ ಮೇಲೇರುವ ಗೆರೆ ಹುಟ್ಟುವುದು ಇದರಿಂದಲೇ. ಎಡಬದಿ ಸಂಚಾರವಿದ್ದಲ್ಲಿ ಅದು ಎಡಕ್ಕೆ ಏರುತ್ತದೆ, ಬಲಬದಿ ಇದ್ದಲ್ಲಿ ಬಲಕ್ಕೆ.

ಫಿಲಮೆಂಟ್ ಎಂಬುದು ಸುಮಾರು 5 ಮಿ.ಮೀ. ಉದ್ದ, 1.5 ಮಿ.ಮೀ. ದಪ್ಪದ ಸುರುಳಿ, ಸುತ್ತಲೂ ಬೆಳಕು ಬೀರುತ್ತದೆ. ಎಲ್ಇಡಿ ಬಲ್ಬಿನಲ್ಲಿ ಒಂದು ತೆಳು ಹಲಗೆಯ ಎರಡು ಮಗ್ಗುಲಿಗೆ ಬೆಳಕು ಕೊಡುವ ಚಿಪ್ ಅಂಟಿಸಿರುತ್ತಾರೆ. ಹಲಗೆ ದಪ್ಪವಾದಷ್ಟೂ ಎರಡು ಕಡೆಯ ಚಿಪ್‌ಗಳು ನಡುಗೆರೆಯಿಂದ ದೂರ ಸರಿಯುತ್ತವೆ. ಎಷ್ಟು ವ್ಯತ್ಯಾಸವಾಗುತ್ತದೆ? ರಿಫ್ಲೆಕ್ಟರಿನ ಮೈ ಬಲ್ಬಿನಿಂದ 25 ಮಿ.ಮೀ. ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಬೆಳಕಿನ ಮೂಲ 1 ಮಿ.ಮೀ. ಪಕ್ಕಕ್ಕೆ ಸರಿದರೆ ಅಲ್ಲಿಂದ ಹೊರಡುವ ಕಿರಣ ಸುಮಾರು 2.3 ಡಿಗ್ರಿ ತಿರುಗುತ್ತದೆ. 25 ಮೀಟರ್ ದೂರದಲ್ಲಿ ಅದು ಒಂದು ಮೀಟರ್. ಎದುರಿನ ಚಾಲಕನ ಕಣ್ಣು ಇರುವುದು ಲೈಟಿನ ಮಟ್ಟದಿಂದ ಅರ್ಧ ಡಿಗ್ರಿಯಷ್ಟು ಮೇಲೆ. ಇಡೀ ತಕರಾರು ಈ ಎರಡು ಸಂಖ್ಯೆಗಳ ನಡುವೆ ಇದೆ. ವಾಟ್, ಲ್ಯೂಮೆನ್ (ಬಲ್ಬ್ ಚೆಲ್ಲುವ ಒಟ್ಟು ಬೆಳಕಿನ ಅಳತೆ) ಎಲ್ಲ ಆಮೇಲಿನ ಮಾತು.

ಬಲ್ಬ್ ಆರಿಸುವಾಗ ಪೆಟ್ಟಿಗೆಯ ಮೇಲಿನ ಬರಹ ಬಿಟ್ಟು ಬಲ್ಬನ್ನೇ ನೋಡಿ. ಎದುರುಬದುರು ಚಿಪ್‌ಗಳ ನಡುವಿನ ದಪ್ಪ 2 ಮಿ.ಮೀ. ಒಳಗಿರಲಿ, 1.5 ಆದರೆ ಇನ್ನೂ ಒಳ್ಳೆಯದು. ಚಿಪ್ ಸಾಲಿನ ಉದ್ದ ಫಿಲಮೆಂಟಿನಷ್ಟೇ ಇರಲಿ. ಮೂರು ನಾಲ್ಕು ಮುಖಗಳಿಗೆ ಚಿಪ್ ತುಂಬಿದ ದಪ್ಪ ಕಂಬದಂಥವನ್ನು ಮುಟ್ಟಲೇಬೇಡಿ, "360 ಡಿಗ್ರಿ ಬೆಳಕು" ಎಂಬ ಮಾತಿಗೆ ಮರುಳಾಗಿ ಫೋಕಸ್ ಪೂರ್ತಿ ಕಳೆದುಕೊಳ್ಳುತ್ತೀರಿ. ಲೋ ಬೀಮ್ ಚಿಪ್‌ಗಳ ಕೆಳಗೆ ಬಟ್ಟಲಿನಂಥ ತಗಡು ಇರಲೇಬೇಕು. ಕಾಲರ್ (ಬಲ್ಬನ್ನು ಹೆಡ್‌ಲೈಟಿನ ತೂತಿನಲ್ಲಿ ಕೂರಿಸುವ ಲೋಹದ ಬಳೆ) ತಿರುಗಿಸಿ ಸ್ಕ್ರೂ ಬಿಗಿಯುವಂತಿರಲಿ. ಹಳೆಯ ಹ್ಯಾಲೊಜೆನ್ ಮತ್ತು ಹೊಸ ಎಲ್ಇಡಿಯನ್ನು ಕಾಲರ್ ಸಮಕ್ಕೆ ಪಕ್ಕಪಕ್ಕ ಇಟ್ಟು, ಕಾಲರಿನಿಂದ ಫಿಲಮೆಂಟಿನ ಮಧ್ಯಕ್ಕೂ ಚಿಪ್ಪಿನ ಮಧ್ಯಕ್ಕೂ ಇರುವ ದೂರವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಅರ್ಧ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅಂಗಡಿಗೇ ವಾಪಸ್.

ಲ್ಯೂಮೆನ್ ಹೇಳಿಕೆಗಳನ್ನು ಒಂದೇ ಭಾಗಾಕಾರದಲ್ಲಿ ಮುಗಿಸಬಹುದು. ಇಂಥ ಬಲ್ಬ್‌ಗಳು ಒಂದು ವಾಟ್‌ಗೆ ಹೆಚ್ಚೆಂದರೆ ನೂರರ ಆಸುಪಾಸು ಲ್ಯೂಮೆನ್ ಕೊಡುತ್ತವೆ. 25 ವಾಟ್ ಎಳೆಯುವ ಬಲ್ಬಿನಿಂದ 2,000 ರಿಂದ 2,500 ನಿರೀಕ್ಷಿಸಬಹುದು. "20,000 ಲ್ಯೂಮೆನ್" ಬೇಕಾದರೆ 200 ವಾಟ್ ಬೇಕು, ಆ ಬಿಸಿಗೆ ಬಲ್ಬ್ ಉಳಿಯುವುದಿಲ್ಲ. ಹೋಲಿಕೆಗೆ, ಸಾಮಾನ್ಯ ಎಚ್4 ಹ್ಯಾಲೊಜೆನ್ 13.2 ವೋಲ್ಟಿನಲ್ಲಿ ಲೋಗೆ 1,000, ಹೈಗೆ 1,650 ಲ್ಯೂಮೆನ್ ಕೊಡುವಂಥದ್ದು. ಬಣ್ಣಕ್ಕೆ 4,300 ರಿಂದ 5,000 ಕೆಲ್ವಿನ್ ನಡುವಿನದು ಹಿತ. ನೀಲಿ ಛಾಯೆಯ 6,500 ನೋಡಲು ಝಗಮಗ, ಎದುರಿನವರ ಕಣ್ಣಿಗೆ ಚುಚ್ಚುವುದೂ ಅದೇ.

ಬೇಕಾಗುವ ಸಾಮಾನು

ಒಂದು ಜೋಡಿ ಎಲ್ಇಡಿ ಬಲ್ಬ್ (ಒಂದು ಬದಿಗೆ ಎಲ್ಇಡಿ, ಇನ್ನೊಂದಕ್ಕೆ ಹ್ಯಾಲೊಜೆನ್ ಎಂದೂ ಬೇಡ), ಮಲ್ಟಿಮೀಟರ್, ಡಿಸಿ ಅಳೆಯುವ ಕ್ಲಾಂಪ್ ಮೀಟರ್, ಲಕ್ಸ್ ಮೀಟರ್ (ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಅಳೆಯುವುದು), ಅಳತೆ ಟೇಪು, ಮಾಸ್ಕಿಂಗ್ ಟೇಪು, ಕಾಲರ್ ಸ್ಕ್ರೂಗೆ ಚಿಕ್ಕ ಅಲೆನ್ ಕೀ, ಏಮ್ ಸ್ಕ್ರೂಗೆ ಉದ್ದನೆಯ ಸ್ಕ್ರೂಡ್ರೈವರ್, ಬಿಸಿ ತಡೆಯುವ ಕೇಬಲ್ ಟೈ ಹತ್ತು, ಬಟ್ಟೆಯ ಇನ್ಸುಲೇಷನ್ ಟೇಪು, ಕೈಗವಸು. ರಬ್ಬರ್ ಡಸ್ಟ್ ಕವರ್ ಒಳಗೆ ಎಲ್ಇಡಿ ಬಲ್ಬಿನ ಹಿಂಬದಿಯ ಫ್ಯಾನ್ ಹಿಡಿಯದಿದ್ದರೆ ಅದೇ ವ್ಯಾಸದ ಆಳವಾದ ಕವರ್ ಎರಡು. ಲಕ್ಸ್ ಮೀಟರ್ ಬದಲು ಫೋನಿನ ಆ್ಯಪ್ ಬಳಸುವುದಾದರೆ ಅದರ ಸಂಖ್ಯೆಯನ್ನು ನಂಬಬೇಡಿ, ಹೆಚ್ಚೋ ಕಡಿಮೆಯೋ ಎಂಬುದಕ್ಕೆ ಮಾತ್ರ ಇಟ್ಟುಕೊಳ್ಳಿ.

ಹ್ಯಾಲೊಜೆನ್ ಇರುವಾಗಲೇ ಗೋಡೆಯ ಲೆಕ್ಕ ಬರೆದಿಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಹಳೆಯ ಬಲ್ಬ್ ಹೇಗಿತ್ತು ಎಂದು ಅಳೆಯದಿದ್ದರೆ ಹೊಸದು ಮೇಲೋ ಕೀಳೋ ಹೇಳಲು ಆಧಾರವೇ ಇರುವುದಿಲ್ಲ.

ಸಮತಟ್ಟು ನೆಲ, ಎದುರಿಗೆ ಬಿಳಿ ಗೋಡೆ. ಟೈರ್ ಗಾಳಿ ಸರಿ ಮಾಡಿ, ಚಾಲಕನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಲೈಟ್ ಎತ್ತರ ಬದಲಿಸುವ ಗುಂಡಿ ಸೊನ್ನೆಯಲ್ಲಿಡಿ. ಹೆಡ್‌ಲೈಟ್ ಲೆನ್ಸಿನಿಂದ ಗೋಡೆಗೆ ಸರಿಯಾಗಿ 5 ಮೀಟರ್, ಗಾಡಿ ಗೋಡೆಗೆ ನೇರ. ನೆಲದಿಂದ ಬಲ್ಬಿನ ಮಧ್ಯದ ಎತ್ತರ ಅಳೆದು (ಬಹಳ ಲೆನ್ಸ್‌ಗಳ ಮೇಲೆ ಚಿಕ್ಕ ಚುಕ್ಕೆಯ ಗುರುತಿರುತ್ತದೆ) ಗೋಡೆಯ ಮೇಲೆ ಅದೇ ಎತ್ತರಕ್ಕೆ ಅಡ್ಡ ಟೇಪು ಅಂಟಿಸಿ, ಇದು ಮೇಲಿನ ಗೆರೆ. ಅದರ 5 ಸೆಂ.ಮೀ. ಕೆಳಗೆ ಇನ್ನೊಂದು. ಶೇಕಡಾ 1ರ ಇಳಿಜಾರಿಗೆ 5 ಮೀಟರ್‌ನಲ್ಲಿ ಇಷ್ಟೇ ಬರುವುದು. ಕೆಲವು ಹೆಡ್‌ಲೈಟ್ ಮೇಲೆ ಅಥವಾ ಬಾನೆಟ್ ಕೆಳಗಿನ ಚೀಟಿಯಲ್ಲಿ 1.3% ಎಂಬಂಥ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ, ಆಗ 6.5 ಸೆಂ.ಮೀ. ಆಗುತ್ತದೆ. ಎರಡು ಲೈಟಿನ ಮಧ್ಯದ ನೇರಕ್ಕೂ ಒಂದೊಂದು ಲಂಬ ಟೇಪು.

ಈಗ ಪ್ರತಿ ಲೈಟಿಗೂ ಎರಡು ಚುಕ್ಕೆ ಹಾಕಿ. ಮೊದಲನೆಯದು ಕೋರೈಸುವ ಚುಕ್ಕೆ: ಲಂಬ ಗೆರೆಯಿಂದ ಎದುರು ಗಾಡಿ ಬರುವ ಬದಿಗೆ 30 ಸೆಂ.ಮೀ., ಮೇಲಿನ ಗೆರೆಯಿಂದ 5 ಸೆಂ.ಮೀ. ಮೇಲೆ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಬಿ50ಎಲ್ ಎನ್ನುವ ಬಿಂದು ಇದೇ, 50 ಮೀಟರ್ ದೂರದ ಎದುರು ಚಾಲಕನ ಕಣ್ಣಿನ ಜಾಗ. ಎಡಬದಿ ಸಂಚಾರದಲ್ಲಿ ಅದರ ಕನ್ನಡಿ ಬಿಂಬ. ಎರಡನೆಯದು ದೂರದ ಬೆಳಕಿನ ಚುಕ್ಕೆ: ರಸ್ತೆಯಂಚಿನ ಬದಿಗೆ 15 ಸೆಂ.ಮೀ., ಮೇಲಿನ ಗೆರೆಯಿಂದ ಏಳೂವರೆ ಸೆಂ.ಮೀ. ಕೆಳಗೆ. ನಿಮ್ಮ ಮುಂದೆ 50 ಮೀಟರ್ ದೂರದ ರಸ್ತೆಯಂಚು ಅಲ್ಲಿದೆ.

ಎಂಜಿನ್ ಚಾಲೂ ಇಟ್ಟು, ಒಂದೊಂದೇ ಲೈಟ್ ಉರಿಸಿ ಅಳೆಯಬೇಕು. ಇನ್ನೊಂದರ ಮೇಲೆ ಬಟ್ಟೆ ಮುಚ್ಚಬೇಡಿ, ಹ್ಯಾಲೊಜೆನ್ ಬಿಸಿಗೆ ಪ್ಲಾಸ್ಟಿಕ್ ಲೆನ್ಸ್ ಹಾಳಾಗುತ್ತದೆ. ಅದರ ಪ್ಲಗ್ ಎಳೆದಿಡಿ. ಮೊದಲು ಕಟ್‌ಆಫ್ ಗೆರೆಯ ಅಡ್ಡ ಭಾಗ ಕೆಳಗಿನ ಟೇಪಿನ ಮೇಲೆ ಕೂರುವಂತೆ ಏಮ್ ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸಿ. ಗೆರೆ ಮೇಲೇರಲು ಶುರುವಾಗುವ ಮೂಲೆ ಲಂಬ ಟೇಪಿನ ಮೇಲೆ ಬರಲಿ. ಬಹಳಷ್ಟು ಗಾಡಿಗಳ ಲೈಟ್ ಇಲ್ಲೇ ತಪ್ಪಿರುವುದು ಗೊತ್ತಾಗುತ್ತದೆ. ಆಮೇಲೆ ಎರಡೂ ಚುಕ್ಕೆಗಳ ಲಕ್ಸ್ ಬರೆದುಕೊಳ್ಳಿ, ಲೈಟ್ ಆರಿಸಿ ಸುತ್ತಲ ಬೆಳಕಿನ ರೀಡಿಂಗ್ ಕಳೆಯಿರಿ. ಕ್ಯಾಮೆರಾ ಸ್ಟ್ಯಾಂಡ್ ಮೇಲಿಟ್ಟು ಎಕ್ಸ್‌ಪೋಷರ್ ಲಾಕ್ ಮಾಡಿ ಫೋಟೊ ತೆಗೆಯಿರಿ. ಆಟೊದಲ್ಲಿ ತೆಗೆದ "ಮೊದಲು, ಆಮೇಲೆ" ಚಿತ್ರಗಳಿಂದ ಏನೂ ತಿಳಿಯುವುದಿಲ್ಲ.

ಮೇಜಿನ ಮೇಲೆ ಅರ್ಧ ಗಂಟೆ

ಗಾಡಿಗೆ ಹಾಕುವ ಮೊದಲು ಬಲ್ಬನ್ನು ಬ್ಯಾಟರಿಗೆ ಅಥವಾ 13.5 ವೋಲ್ಟಿನ ಪವರ್ ಸಪ್ಲೈಗೆ ಕೊಟ್ಟು ಮೂವತ್ತು ನಿಮಿಷ ಉರಿಸಿ. ಉರಿಸಿದ ಕೂಡಲೇ ಕರೆಂಟ್ ಎಷ್ಟು, ಒಂದು ಮೀಟರ್ ದೂರದಲ್ಲಿ ಲಕ್ಸ್ ಎಷ್ಟು ಬರೆಯಿರಿ. ಐದು, ಹದಿನೈದು, ಮೂವತ್ತನೇ ನಿಮಿಷಕ್ಕೆ ಮತ್ತೆ ಬರೆಯಿರಿ.

ಎಲ್ಇಡಿ ಬಿಸಿಯನ್ನು ಹ್ಯಾಲೊಜೆನ್ನಿನಂತೆ ಬೆಳಕಿನ ಜೊತೆ ಮುಂದಕ್ಕೆ ಕಳಿಸುವುದಿಲ್ಲ. ಚಿಪ್ಪಿನಿಂದ ಲೋಹದ ಹಲಗೆ, ಅಲ್ಲಿಂದ ಹಿಂಬದಿಯ ಹೀಟ್‌ಸಿಂಕ್, ಫ್ಯಾನ್. ಆ ಫ್ಯಾನ್ ಎಳೆಯುವ ಗಾಳಿ ಎಂಜಿನ್ ಕೋಣೆಯದು, ಮೊದಲೇ ಕಾದಿರುತ್ತದೆ. ಬಿಸಿ ಮಿತಿ ದಾಟಿದರೆ ಒಳ್ಳೆಯ ಡ್ರೈವರ್ (ಚಿಪ್‌ಗೆ ಕರೆಂಟ್ ಅಳೆದು ಕೊಡುವ ಸರ್ಕ್ಯೂಟ್) ಕರೆಂಟ್ ಇಳಿಸಿ ಚಿಪ್ ಉಳಿಸುತ್ತದೆ, ಕಳಪೆಯದು ಚಿಪ್ಪನ್ನೇ ಬಲಿ ಕೊಡುತ್ತದೆ. ಮೇಜಿನ ಮೇಲೆ ತಣ್ಣನೆಯ ಗಾಳಿಯಲ್ಲೇ ಮೂವತ್ತು ನಿಮಿಷಕ್ಕೆ ಬೆಳಕು ನೂರಕ್ಕೆ ಇಪ್ಪತ್ತು ಬಿದ್ದರೆ ಬಾನೆಟ್ ಒಳಗೆ ಇನ್ನೂ ಬೀಳುತ್ತದೆ. ಅಂಥದ್ದನ್ನು ಹಾಕಬೇಡಿ. ಫ್ಯಾನ್ ಕಿರುಗುಟ್ಟಿದರೂ ಅಷ್ಟೇ. ಇದೇ ಹೊತ್ತಿನಲ್ಲಿ ಎಫ್‌ಎಂ ರೇಡಿಯೊವನ್ನು ಪಕ್ಕದಲ್ಲಿಟ್ಟು ಕೇಳಿ. ಕರಕರ ಬಂದರೆ ಡ್ರೈವರಿನ ಸೋಸುವ ಭಾಗ ಕಳಪೆ.

ಹೈಗೆ ಬದಲಿಸಿದಾಗ ಲೋ ಚಿಪ್ ಆರುತ್ತದೆಯೇ ನೋಡಿ. ಎರಡೂ ಒಟ್ಟಿಗೆ ಉರಿಯುವ ಬಗೆಯವು ಬಿಸಿ ಹೆಚ್ಚು ಮಾಡುತ್ತವೆ, ಗಾಡಿಯ ಮೂತಿಯ ಮುಂದಿನ ನೆಲವನ್ನು ವಿಪರೀತ ಬೆಳಗಿಸಿ ದೂರದ್ದನ್ನು ಕಾಣದಂತೆಯೂ ಮಾಡುತ್ತವೆ.

ಪ್ಲಗ್ಗಿನಲ್ಲಿ ಯಾವುದು ಯಾವುದು

ಹ್ಯಾಲೊಜೆನ್‌ಗೆ ಪ್ಲಸ್ ಮೈನಸ್ ಭೇದವಿಲ್ಲ, ಎಲ್ಇಡಿಗೆ ಇದೆ. ಎಚ್4 ಪ್ಲಗ್ಗಿನ ಮೂರು ಕಾಲಿನಲ್ಲಿ ಒಂದು ಲೋ, ಒಂದು ಹೈ, ಒಂದು ಕಾಮನ್. ಹೆಚ್ಚಿನ ಗಾಡಿಗಳಲ್ಲಿ ಕಾಮನ್ ಅರ್ತ್‌ಗೆ ಸೇರಿರುತ್ತದೆ, ಸ್ವಿಚ್ ಪ್ಲಸ್ ಕೊಡುತ್ತದೆ. ಕೆಲವು ಗಾಡಿಗಳಲ್ಲಿ, ಅದರಲ್ಲೂ ಹಳೆಯ ಜಪಾನಿ ವಿನ್ಯಾಸದವುಗಳಲ್ಲಿ, ಇದು ತಿರುಗುಮುರುಗು: ಕಾಮನ್‌ಗೆ ಪ್ಲಸ್, ಸ್ವಿಚ್ ಲೋ ಅಥವಾ ಹೈ ಕಾಲನ್ನು ಅರ್ತ್ ಮಾಡುತ್ತದೆ. ಪ್ಲಗ್ ಬಿಚ್ಚಿ, ಲೈಟ್ ಸ್ವಿಚ್ ಹಾಕಿ, ಮೂರೂ ಕಾಲನ್ನು ಗಾಡಿಯ ಬಾಡಿಗೆ ಹೋಲಿಸಿ ಅಳೆಯಿರಿ. ಲೋ, ಹೈ ಬದಲಿಸಿದರೂ ಒಂದೇ ಕಾಲಿನಲ್ಲಿ 12 ವೋಲ್ಟ್ ಅಲುಗದೆ ನಿಂತಿದ್ದರೆ ನಿಮ್ಮದು ಎರಡನೇ ಬಗೆ. ಅದಕ್ಕೆ ಸಾಮಾನ್ಯ ಎಲ್ಇಡಿ ಹಾಕಿದರೆ ಉರಿಯದಿರಬಹುದು, ಲೋ ಹೈ ಅದಲುಬದಲಾಗಬಹುದು, ಚಾಲಕನ ಮುಂದಿನ ಮೀಟರಿನಲ್ಲಿ ಹೈ ಬೀಮಿನ ನೀಲಿ ದೀಪ ಆರಿಯೇ ಇರಬಹುದು. ಎರಡೂ ದಿಕ್ಕಿಗೆ ಒಗ್ಗುವ ಡ್ರೈವರ್ ಇರುವ ಬಲ್ಬ್ ಅಥವಾ ದಿಕ್ಕು ಬದಲಿಸುವ ಅಡಾಪ್ಟರ್ ಬೇಕು. ಪ್ಲಗ್ಗಿನ ಕಾಲು ಕಿತ್ತು ಅದಲುಬದಲು ಮಾಡಿದರೆ ಇದು ಸರಿಯಾಗುವುದಿಲ್ಲ.

ಕೂರಿಸುವುದು

ಲೈಟ್ ಆರಿಸಿ, ಕೀ ತೆಗೆದು, ಹಳೆಯ ಬಲ್ಬ್ ತಣ್ಣಗಾಗಲು ಕಾಲು ಗಂಟೆ ಬಿಡಿ. ಪ್ಲಗ್ಗನ್ನು ವೈರು ಹಿಡಿಯದೆ ನೇರ ಹಿಂದಕ್ಕೆ ಎಳೆಯಿರಿ. ರಬ್ಬರ್ ಕವರ್ ತೆಗೆಯಿರಿ. ತಂತಿ ಕ್ಲಿಪ್ಪಿನ ತುದಿಯನ್ನು ಒತ್ತಿ ಪಕ್ಕಕ್ಕೆ ಬಿಡಿ, ಅದನ್ನು ಬಗ್ಗಿಸಿದರೆ ಮುಂದೆ ಯಾವ ಬಲ್ಬೂ ಬಿಗಿಯಾಗಿ ಕೂರದು. ಹೊರಬಂದ ಹ್ಯಾಲೊಜೆನ್ನಿನ ಗಾಜು ಮುಟ್ಟದೆ ಪೆಟ್ಟಿಗೆಗೆ ಹಾಕಿ, ಕೈಯ ಜಿಡ್ಡು ಅಂಟಿದರೆ ಮುಂದೆ ಉರಿಯುವಾಗ ಅಲ್ಲೇ ಕಾದು ಒಡೆಯಬಹುದು.

ಕಾಲರ್ ಬಿಚ್ಚುವ ಬಗೆಯಾದರೆ ಮೊದಲು ಕಾಲರನ್ನು ಮಾತ್ರ ಕೂರಿಸಿ. ಎಚ್4 ಕಾಲರಿನ ಮೂರು ಕಿವಿಗಳಲ್ಲಿ ಒಂದು ಅಗಲ, ಅದು ಮೇಲಕ್ಕೆ ಬಂದಾಗ ಮಾತ್ರ ಕೂರುತ್ತದೆ. ಕ್ಲಿಪ್ ಹಾಕಿ, ಕಾಲರ್ ಅಲುಗಾಡುತ್ತದೆಯೇ ನೋಡಿ. ರಬ್ಬರ್ ಕವರ್ ಹಾಕಿ, ಅದರ ನಡುವಿನಿಂದ ಬಲ್ಬ್ ತೂರಿಸಿ, ತಿರುಗಿಸಿ ಲಾಕ್ ಮಾಡಿ. ಬಟ್ಟಲು ಕೆಳಕ್ಕೆ, ಚಿಪ್‌ಗಳ ಮುಖ ಎಡಕ್ಕೂ ಬಲಕ್ಕೂ, ಗಡಿಯಾರದ ಮೂರು ಮತ್ತು ಒಂಬತ್ತರ ಕಡೆಗೆ. ಎಚ್7ನಲ್ಲಿಯೂ ಇದೇ ನಿಲುವು. ಅಲ್ಲಿ ಗಾಡಿಗೆ ತಕ್ಕ ಪ್ಲಾಸ್ಟಿಕ್ ಅಥವಾ ಲೋಹದ ಹಿಡಿಕೆ ಬೇರೆ ಬೇಕಾಗುತ್ತದೆ, ಮೊದಲೇ ತಂದಿಟ್ಟುಕೊಳ್ಳಿ.

ಫ್ಯಾನಿನ ಹಿಂದೆ ಕನಿಷ್ಠ ಒಂದೆರಡು ಸೆಂ.ಮೀ. ಖಾಲಿ ಜಾಗ ಬೇಕು. ಜಾಗವಿಲ್ಲವೆಂದು ಡಸ್ಟ್ ಕವರ್ ತೆಗೆದೇ ಬಿಡುವುದು ಅಥವಾ ಅದಕ್ಕೆ ಡ್ರಿಲ್ ಹೊಡೆಯುವುದು ಎಲ್ಲೆಡೆ ಕಾಣುವ ಅಡ್ಡದಾರಿ. ಮೊದಲ ಮಳೆಗೇ ಒಳಗೆ ಹಬೆ, ಆಮೇಲೆ ದೂಳು, ಕೊನೆಗೆ ರಿಫ್ಲೆಕ್ಟರ್ ಮಸುಕು. ಆಳವಾದ ಕವರ್ ಹಾಕಿ. ಡ್ರೈವರ್ ಡಬ್ಬಿಯನ್ನು ನೇತಾಡಲು ಬಿಡಬೇಡಿ. ತಂಪಾದ ಲೋಹದ ಭಾಗಕ್ಕೆ ಟೈ ಹಾಕಿ ಕಟ್ಟಿ, ಲೈಟ್ ಎತ್ತರದ ಮೋಟಾರಿಗೆ ತಗುಲದಿರಲಿ, ವೈರು ಡಬ್ಬಿ ಸೇರುವ ಮುನ್ನ ಸ್ವಲ್ಪ ಕೆಳಕ್ಕೆ ಇಳಿದು ಏರಲಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಫ್ಯೂಸ್ ಮುಟ್ಟುವ ಅಗತ್ಯವಿಲ್ಲ, ಎಲ್ಇಡಿ ಎಳೆಯುವುದು ಹ್ಯಾಲೊಜೆನ್ನಿನ ಅರ್ಧಕ್ಕಿಂತ ಕಡಿಮೆ.

ಗೋಡೆಯ ತೀರ್ಪು

ಏಮ್ ಸ್ಕ್ರೂ ಮುಟ್ಟದೆ, ಗಾಡಿಯನ್ನು ಅದೇ ಜಾಗದಲ್ಲಿ ನಿಲ್ಲಿಸಿ, ಹತ್ತು ನಿಮಿಷ ಉರಿಸಿದ ಮೇಲೆ ನೋಡಿ. ಕಟ್‌ಆಫ್ ಗೆರೆ ಹಳೆಯ ಜಾಗದಲ್ಲೇ, ಅಷ್ಟೇ ಚೂಪಾಗಿ ಇರಬೇಕು. ಗೆರೆ ಓರೆಯಾಗಿದ್ದರೆ ಬಲ್ಬ್ ತಿರುಗಿದೆ, ಕಾಲರ್ ಸ್ಕ್ರೂ ಸಡಿಲಿಸಿ ಕೆಲವು ಡಿಗ್ರಿ ತಿರುಗಿಸಿ ಮತ್ತೆ ನೋಡಿ. ಗೆರೆಯ ಮೇಲೆ ಮಬ್ಬು ಗುಡ್ಡದಂತೆ ಬೆಳಕು ಏರಿದ್ದರೆ ಚಿಪ್ಪಿನ ಆಳ ತಪ್ಪಿದೆ ಅಥವಾ ಬಟ್ಟಲು ಸಾಲದು. ಕೆಳಗೆ ಮಧ್ಯದಲ್ಲಿ ಕತ್ತಲ ಪಟ್ಟಿ ಇದ್ದರೆ ಹಲಗೆ ದಪ್ಪ, ಮೇಲ್ಮುಖಕ್ಕೆ ಬೆಳಕು ಹೋಗುತ್ತಿಲ್ಲ. ಕೊನೆಯ ಎರಡಕ್ಕೆ ಮದ್ದಿಲ್ಲ, ಬೇರೆ ಬಲ್ಬ್ ನೋಡಬೇಕು.

ಲೈಟನ್ನು ಕೆಳಕ್ಕೆ ಬಗ್ಗಿಸಿ ಮಬ್ಬು ಬೆಳಕನ್ನು ಅಡಗಿಸುವುದು ಪರಿಹಾರವೇ ಅಲ್ಲ. ಚದುರಿದ ಬೆಳಕು ಆಗಲೂ ಕಣ್ಣಿಗೆ ಹೋಗುತ್ತಲೇ ಇರುತ್ತದೆ, ನಿಮಗೆ ದೂರ ಕಾಣುವುದು ಮಾತ್ರ ಕಡಿಮೆಯಾಗುತ್ತದೆ.

ನಂತರ ಲಕ್ಸ್. ದೂರದ ಚುಕ್ಕೆಯ ರೀಡಿಂಗ್ ಹ್ಯಾಲೊಜೆನ್‌ಗಿಂತ ಹೆಚ್ಚಾಗಿರಬೇಕು. ಇದು ಕಡಿಮೆಯಾಗಿದ್ದು ಗೋಡೆಯ ಕೆಳಭಾಗ ಮಾತ್ರ ಬೆಳ್ಳಗಾಗಿದ್ದರೆ ಎಲ್ಇಡಿ ನಿಮ್ಮನ್ನು ಮೋಸಗೊಳಿಸುತ್ತಿದೆ: ಮೂತಿಯ ಮುಂದಿನ ಹೊಳಪಿಗೆ ಕಣ್ಣು ಹೊಂದಿಕೊಂಡು, ದೂರದ ಕತ್ತಲು ಇನ್ನೂ ಕತ್ತಲಾಗುತ್ತದೆ. ಕೋರೈಸುವ ಚುಕ್ಕೆ ಹ್ಯಾಲೊಜೆನ್‌ನಷ್ಟೇ ಅಥವಾ ಅದಕ್ಕಿಂತ ಕಡಿಮೆ ಇರಲಿ. ಒಂದೂವರೆ ಪಟ್ಟು ದಾಟಿದರೆ ಬಲ್ಬ್ ಹೊರಗೆ, ಚರ್ಚೆ ಬೇಡ. ಹಿಂದಿನ ಮಾನದಂಡ ಆ ಬಿಂದುವಿಗೆ 25 ಮೀಟರ್‌ನಲ್ಲಿ 0.4 ಲಕ್ಸ್ ಮಿತಿ ಇಟ್ಟಿತ್ತು. ದೂರ ಐದನೇ ಒಂದು ಭಾಗವಾದಾಗ ಬೆಳಕು 25 ಪಟ್ಟು, ಅಂದರೆ 5 ಮೀಟರ್‌ನಲ್ಲಿ ಸುಮಾರು 10 ಲಕ್ಸ್. ಅಷ್ಟು ಹತ್ತಿರದಲ್ಲಿ ಹೆಡ್‌ಲೈಟ್ ಬಿಂದುವಿನಂತೆ ವರ್ತಿಸುವುದಿಲ್ಲವಾದ್ದರಿಂದ ಇದನ್ನು ಅಂದಾಜಿಗೆ ಮಾತ್ರ ಬಳಸಿ, ತೀರ್ಮಾನಕ್ಕೆ ಹ್ಯಾಲೊಜೆನ್ ಜೊತೆಗಿನ ಹೋಲಿಕೆಯೇ ಇರಲಿ.

ಹಾಕಿದ ಮೇಲೆ ಕಾಡುವವು

ಮೀಟರಿನಲ್ಲಿ "ಬಲ್ಬ್ ಹೋಗಿದೆ" ಎಂಬ ಸೂಚನೆ: ಹ್ಯಾಲೊಜೆನ್ ಸುಮಾರು 5 ಆಂಪಿಯರ್ ಎಳೆಯುತ್ತಿದ್ದ ಜಾಗದಲ್ಲಿ 25 ವಾಟ್ ಎಲ್ಇಡಿ 1.8 ಎಳೆಯುತ್ತದೆ, ಗಾಡಿಯ ಕಂಪ್ಯೂಟರ್ ಬಲ್ಬ್ ಸುಟ್ಟಿದೆ ಎಂದುಕೊಳ್ಳುತ್ತದೆ. ಕ್ಯಾನ್‌ಬಸ್ ಡಿಕೋಡರ್ (ಬಲ್ಬ್ ಸರಿ ಇದೆ ಎಂದು ಆ ಕಂಪ್ಯೂಟರಿಗೆ ತೋರಿಸುವ ಚಿಕ್ಕ ಡಬ್ಬಿ) ಮೊದಲು ಪ್ರಯತ್ನಿಸಿ. ಕೊನೆಯ ದಾರಿ 6 ಓಮ್, 50 ವಾಟ್ ರೆಸಿಸ್ಟರ್. 13.8 ವೋಲ್ಟಿನಲ್ಲಿ ಅದು 2.3 ಆಂಪಿಯರ್ ಎಳೆದು 32 ವಾಟ್‌ನಷ್ಟು ಬಿಸಿಯನ್ನು ಸುಮ್ಮನೆ ಕಕ್ಕುತ್ತದೆ, ಇಸ್ತ್ರಿಪೆಟ್ಟಿಗೆಯಂತೆ ಸುಡುತ್ತದೆ. ಲೋಹದ ಮೇಲೆ ಸ್ಕ್ರೂ ಹಾಕಿ ಬಿಗಿಯಿರಿ. ವೈರು, ಬಂಪರ್, ಪ್ಲಾಸ್ಟಿಕ್ ಯಾವುದೂ ಹತ್ತಿರವಿರಬಾರದು. ಎಲ್ಇಡಿಯಿಂದ ಉಳಿದ ವಿದ್ಯುತ್ ಪೂರ್ತಿ ಇಲ್ಲೇ ಸುಡುತ್ತದೆ ಎಂಬುದೂ ತಿಳಿದಿರಲಿ.

ಮಿಣುಕುವುದು: ಕೆಲವು ಗಾಡಿಗಳು ಬಲ್ಬಿಗೆ ನೇರ ಡಿಸಿ ಬದಲು ಕ್ಷಣಕ್ಷಣ ಕಡಿದು ಜೋಡಿಸುವ ಪಿಡಬ್ಲ್ಯುಎಂ ಕೊಡುತ್ತವೆ. ಫಿಲಮೆಂಟ್ ಬಿಸಿಯಲ್ಲೇ ಇದನ್ನು ನುಂಗಿಕೊಳ್ಳುತ್ತದೆ, ಎಲ್ಇಡಿ ತೋರಿಸಿಬಿಡುತ್ತದೆ. ಡಿಕೋಡರಿನ ಕೆಪ್ಯಾಸಿಟರ್ ಇದನ್ನು ಸಮ ಮಾಡುತ್ತದೆ. ಹೈ ಬೀಮನ್ನೇ ಕಡಿಮೆ ವೋಲ್ಟಿನಲ್ಲಿ ಹಗಲು ದೀಪವಾಗಿ ಬಳಸುವ ಗಾಡಿಯಲ್ಲಿ ಡಿಕೋಡರ್ ಇದ್ದರೂ ಮಿಣುಕಬಹುದು. ಆ ಸೌಲಭ್ಯವನ್ನು ಸೆಟ್ಟಿಂಗ್‌ನಲ್ಲಿ ಆರಿಸಲಾಗದಿದ್ದರೆ ಹ್ಯಾಲೊಜೆನ್‌ಗೇ ಮರಳುವುದು ವಾಸಿ. ಲೈಟ್ ಆರಿಸಿದ ಮೇಲೂ ಮಂದವಾಗಿ ಮಿನುಗಿದರೆ ಅದು ಕಂಪ್ಯೂಟರ್ ಬಲ್ಬನ್ನು ತಪಾಸಿಸಲು ಕಳಿಸುವ ಸಣ್ಣ ಮಿಡಿತ, ಅಪಾಯವಿಲ್ಲ.

ರೇಡಿಯೊ ಕರಕರ ಗಾಡಿಯಲ್ಲಿ ಕೂತ ಮೇಲೆ ಶುರುವಾದರೆ ಡ್ರೈವರಿನ ಎರಡೂ ಬದಿಯ ವೈರಿಗೆ ಫೆರೈಟ್ ಕ್ಲಾಂಪ್ (ವೈರಿನ ಸದ್ದು ತಡೆಯುವ ಬಳೆ) ಹಾಕಿ, ಆದಷ್ಟು ಬಲ್ಬಿನ ಹತ್ತಿರ. ಹಿಮ ಬೀಳುವ ಕಡೆ ಇನ್ನೊಂದು ತೊಂದರೆ: ಎಲ್ಇಡಿಯ ಮುಂಬದಿ ತಣ್ಣಗಿರುವುದರಿಂದ ಲೆನ್ಸಿನ ಮೇಲಿನ ಹಿಮ ಕರಗದು, ನಿಂತಾಗೆಲ್ಲ ಕೈಯಲ್ಲೇ ಒರೆಸಬೇಕು. ಮಳೆಗಾಲದ ಒಳಹಬೆಯೂ ಹಾಗೆಯೇ ನಿಧಾನಕ್ಕೆ ಹೋಗುತ್ತದೆ.

ರಸ್ತೆಯಲ್ಲಿ

ಕತ್ತಲಾದ ಮೇಲೆ, ಸಂಚಾರವಿಲ್ಲದ ಕಡೆ ಮೊದಲು ಓಡಿಸಿ. ಇನ್ನೊಬ್ಬರನ್ನು ಗಾಡಿಯಲ್ಲಿ ಕೂರಿಸಿ, ನೀವು ಎದುರು ಬದಿಯಲ್ಲಿ 50 ಮೀಟರ್ ದೂರ ನಿಂತು ಚಾಲಕನ ಕಣ್ಣಿನ ಎತ್ತರಕ್ಕೆ ಬಗ್ಗಿ ಲೋ ಬೀಮ್ ನೋಡಿ. ಹ್ಯಾಲೊಜೆನ್ ಗಾಡಿಯೊಂದನ್ನು ಪಕ್ಕದಲ್ಲಿ ನಿಲ್ಲಿಸಿ ಹೋಲಿಸಿದರೆ ಇನ್ನೂ ಸ್ಪಷ್ಟ. ಲೋ ಬೀಮ್‌ನಲ್ಲಿ ಹೋಗುವಾಗ ರಸ್ತೆಯ ಮೇಲೆ ತೂಗುವ ಫಲಕಗಳು ಮೊದಲಿಗಿಂತ ಬಹಳ ಹೊಳೆಯುತ್ತಿದ್ದರೆ, ಮುಂದಿನ ಗಾಡಿಯ ಹಿಂಗಾಜಿನ ಮೇಲ್ಭಾಗ ಬೆಳಗುತ್ತಿದ್ದರೆ ಬೆಳಕು ಗೆರೆ ದಾಟಿದೆ ಎಂದೇ ಅರ್ಥ. ಗೋಡೆಗೆ ವಾಪಸ್ ಹೋಗಿ.

ಒಂದು ವಾರ ಓಡಿಸಿದ ಮೇಲೆ ಬಾನೆಟ್ ತೆರೆದು ಕಾಲರ್ ಸ್ಕ್ರೂ, ಕೇಬಲ್ ಟೈ, ಪ್ಲಗ್ ಬಿಗಿತ ನೋಡಿ, ಗೋಡೆಯ ರೀಡಿಂಗ್ ಇನ್ನೊಮ್ಮೆ ತೆಗೆಯಿರಿ. ಆರು ತಿಂಗಳಿಗೊಮ್ಮೆ ಫ್ಯಾನಿನ ದೂಳು ಊದಿ ತೆಗೆಯಿರಿ. ನಿಂತ ಫ್ಯಾನ್ ಹೊರಗಿನಿಂದ ಗೊತ್ತಾಗುವುದಿಲ್ಲ, ಒಂದು ಬದಿಯ ಬೆಳಕು ಹತ್ತು ನಿಮಿಷದ ನಂತರ ಮಂಕಾದರೆ ಮೊದಲು ಅದನ್ನೇ ಅನುಮಾನಿಸಿ. ತೆಗೆದ ಎರಡು ಹ್ಯಾಲೊಜೆನ್, ಹಳೆಯ ಡಸ್ಟ್ ಕವರ್, ಕೈಗವಸು, ಚಿಕ್ಕ ಟಾರ್ಚ್ ಇಷ್ಟನ್ನು ಒಂದು ಡಬ್ಬಿಯಲ್ಲಿ ಹಾಕಿ ಗಾಡಿಯಲ್ಲೇ ಇಡಿ. ಎಲ್ಇಡಿ ಡ್ರೈವರ್ ಸತ್ತರೆ ದಾರಿಯಲ್ಲಿ ಅದನ್ನು ರಿಪೇರಿ ಮಾಡಲಾಗದು, ಹ್ಯಾಲೊಜೆನ್ ಮರಳಿ ಹಾಕಲು ಹತ್ತು ನಿಮಿಷ ಸಾಕು.